ಗಳಿಕೆ ಕಡಿಮೆಯೋ, ಹಂಚಿಕೆ ಕೆಟ್ಟದ್ದೋ: ಹಳ್ಳಿಗಾಡಿನ ಬಡತನವನ್ನು ಪ್ರದೇಶವಾರು ಬಿಡಿಸುವ ಲೆಕ್ಕ

ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ ಬಡತನ ಹೆಚ್ಚು, ಕರಾವಳಿಯಲ್ಲಿ ಕಡಿಮೆ. ಬೆಂಗಳೂರಿನ ಯಾವ ವಿಚಾರ ಸಂಕಿರಣದಲ್ಲೂ ಈ ಮಾತು ಮೊದಲ ಹತ್ತು ನಿಮಿಷದಲ್ಲೇ ಬಂದುಹೋಗುತ್ತದೆ. ಅದರ ಬೆನ್ನಿಗೇ ಕಾರಣಗಳ ಪಟ್ಟಿ: ಮಳೆ ಕಮ್ಮಿ, ನೀರಾವರಿ ಸಾಲದು, ಓದು ಇಲ್ಲ, ಕಾರ್ಖಾನೆ ಇಲ್ಲ. ಪಟ್ಟಿಗೆ ಕೈಹಾಕುವ ಮುಂಚೆ ಕೇಳಬೇಕಾದದ್ದು ಬೇರೊಂದಿದೆ. ಆ ಸೀಮೆಯ ಒಟ್ಟು ಗಳಿಕೆಯೇ ಸಣ್ಣದೋ, ಇಲ್ಲ ಗಳಿಕೆ ಇದ್ದೂ ಅದು ಕೆಲವೇ ಮನೆಗಳಲ್ಲಿ ನಿಂತುಬಿಟ್ಟಿದೆಯೋ? ಎರಡೂ ಹೌದಾದರೆ ಯಾವುದರ ಪಾಲೆಷ್ಟು? ಮೊದಲನೆಯದಕ್ಕೆ ಬೇಕಾದ ಮದ್ದು ಬೇರೆ, ಎರಡನೆಯದಕ್ಕೆ ಬೇರೆ.

ನಮ್ಮಲ್ಲಿ ಈ ಪ್ರಶ್ನೆ ಹಿಂದೆ ಬೀಳಲು ನಾವು ಬಳಸುವ ಅಳತೆಗೋಲೂ ಒಂದು ಕಾರಣ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟ ಡಿ. ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನು ಹಿಡಿದು ಆಗಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಕಲಬುರಗಿ ವಿಭಾಗದವು. ದೊಡ್ಡ ಕೆಲಸವೇ. ಆದರೆ ಆ ಬಗೆಯ ಸೂಚ್ಯಂಕ ತಾಲ್ಲೂಕನ್ನು ಇಡಿಯಾಗಿ ತೂಗುತ್ತದೆ. ಕಾಲುವೆಯ ಮೇಲ್ಭಾಗದಲ್ಲಿ ಎರಡು ಭತ್ತದ ಬೆಳೆ ತೆಗೆಯುವವನೂ ಕೊನೆಯಂಚಿನಲ್ಲಿ ಒಣ ಹೊಲ ನೋಡುತ್ತ ಕೂತವನೂ ಅದರಲ್ಲಿ ಒಂದೇ ಸರಾಸರಿಯೊಳಗೆ ಸೇರಿಹೋಗುತ್ತಾರೆ. ಹಂಚಿಕೆ ಕಾಣಬೇಕಾದರೆ ಮನೆ ಮನೆಯ ಲೆಕ್ಕಕ್ಕೇ ಹೋಗಬೇಕು.

ಜಿಲ್ಲಾ ಆದಾಯದ ಅಂಕಿಯನ್ನು ಬಳಸಬೇಡಿ

ಅಂಬೇಡ್ಕರ್ ವೀದಿಯ ಬಹುಮಹಡಿ ಕಟ್ಟಡದಲ್ಲಿರುವ ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಜಿಲ್ಲಾವಾರು ತಲಾ ಆದಾಯ ಕೊಡುತ್ತದೆ, ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲೂ ಅದು ಸಿಗುತ್ತದೆ. ಕೈಗೆ ಸುಲಭವಾಗಿ ಸಿಗುವುದರಿಂದ ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಆ ಅಂಕಿ ಹೇಳುವುದು ಜಿಲ್ಲೆಯ ಗಡಿಯೊಳಗೆ ಏನು ಉತ್ಪಾದನೆಯಾಯಿತು ಎಂಬುದನ್ನು. ಆ ದುಡ್ಡು ಯಾರ ಮನೆ ಸೇರಿತು ಎಂಬುದನ್ನಲ್ಲ. ತೋರಣಗಲ್ಲಿನ ಉಕ್ಕು, ಶಕ್ತಿನಗರದ ವಿದ್ಯುತ್, ಹಟ್ಟಿಯ ಚಿನ್ನ, ಕೈಗಾದ ಅಣುವಿದ್ಯುತ್ ಆಯಾ ಜಿಲ್ಲೆಯ ಲೆಕ್ಕಕ್ಕೆ ಸೇರುತ್ತವೆ; ಲಾಭ, ಬಡ್ಡಿ, ದೊಡ್ಡ ಸಂಬಳ ಬಹುಪಾಲು ಹೊರಗೆ ಹೋಗುತ್ತವೆ. ಬೆಂಗಳೂರಿನ ಕಟ್ಟಡ ಕೆಲಸದಿಂದ ಯಾದಗಿರಿಯ ಮನೆಗೆ ಹೋಗುವ ದುಡ್ಡಿನದು ತಿರುವುಮುರುವು. ಅದು ಯಾದಗಿರಿ ಜಿಲ್ಲೆಯ ಉತ್ಪನ್ನದಲ್ಲಿ ಇಲ್ಲ, ಊರಿನ ಒಲೆಯಲ್ಲಿ ಇದೆ.

ಬೇಕಾದದ್ದು ಕುಟುಂಬ ಬಳಕೆ ವೆಚ್ಚ ಸಮೀಕ್ಷೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಇದನ್ನು ಇತ್ತೀಚೆಗೆ ಎರಡು ಬಾರಿ ಮಾಡಿದೆ: 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ಒಂದು, 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ಇನ್ನೊಂದು. ಪ್ರತಿ ಸಲ ದೇಶದಲ್ಲಿ 2.6 ಲಕ್ಷಕ್ಕೂ ಹೆಚ್ಚು ಮನೆಗಳು, ಅದರಲ್ಲಿ ಹಳ್ಳಿಯವು ಒಂದೂವರೆ ಲಕ್ಷದ ಮೇಲೆ. ಮನೆವಾರು ಕಡತಗಳು ಸಾಂಖ್ಯಿಕ ಸಚಿವಾಲಯದ ಮೈಕ್ರೋಡೇಟಾ ತಾಣದಲ್ಲಿ ಹೆಸರು ನೋಂದಾಯಿಸಿದರೆ ಉಚಿತವಾಗಿ ಸಿಗುತ್ತವೆ. ಎಕ್ಸೆಲ್‌ನಲ್ಲಿ ಇವು ತೆರೆಯುವುದೇ ಕಷ್ಟ. ಆರ್ ಅಥವಾ ಸ್ಟೇಟಾದಂಥ ಸಾಂಖ್ಯಿಕ ತಂತ್ರಾಂಶ ಬೇಕು.

ಆದಾಯದ ಮಾತಾಡುತ್ತಾ ಖರ್ಚನ್ನು ಏಕೆ ಅಳೆಯಬೇಕು ಎಂದರೆ, ಹಳ್ಳಿಯಲ್ಲಿ ಆದಾಯ ವರ್ಷದಿಂದ ವರ್ಷಕ್ಕೆ ಕುಣಿಯುತ್ತದೆ. ತೊಗರಿ ಒಣಗಿದ ವರ್ಷ ರೈತನ ನಿವ್ವಳ ಆದಾಯ ಸೊನ್ನೆಗಿಂತ ಕೆಳಗೂ ಇಳಿಯಬಹುದು, ಆದರೂ ಮನೆಯಲ್ಲಿ ಊಟ ನಡೆಯುತ್ತಿರುತ್ತದೆ. ರೈತ ಕುಟುಂಬಗಳ ಸ್ಥಿತಿಗತಿ ಕುರಿತ 77ನೇ ಸುತ್ತಿನ ಸಮೀಕ್ಷೆಯಲ್ಲಿ ಆದಾಯದ ಅಂಕಿಗಳಿವೆ (ಆ ಪ್ರಕಾರ 2018-19ರಲ್ಲಿ ದೇಶದ ರೈತ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ). ಅದು ಬೇಸಾಯದ ಮನೆಗಳಿಗಷ್ಟೇ ಸೀಮಿತ, ಭೂಮಿಯಿಲ್ಲದ ಕೂಲಿಯವರು ಅಲ್ಲಿ ಸಿಗುವುದಿಲ್ಲ. ಬಡವರ ಲೆಕ್ಕದಲ್ಲಿ ಅವರನ್ನೇ ಬಿಟ್ಟರೆ ಏನು ಉಳಿಯಿತು?

ತಲಾ ಖರ್ಚು ಕಟ್ಟುವುದು

ಸಮೀಕ್ಷೆಯವರು ಒಂದೇ ಮನೆಗೆ ಮೂರು ಬಾರಿ ಹೋಗಿ ಆಹಾರ, ದಿನಬಳಕೆ ಮತ್ತು ಸೇವೆ, ಬಾಳಿಕೆ ಸಾಮಾನು ಎಂದು ಮೂರು ಪ್ರಶ್ನಾವಳಿ ತುಂಬುತ್ತಾರೆ. ಇವನ್ನು ಜೋಡಿಸುವಾಗ ನಾಲ್ಕು ಕಡೆ ಎಡವುವುದುಂಟು.

ಒಂದು, ನೆನಪಿನ ಅವಧಿ. ತರಕಾರಿ, ಎಣ್ಣೆ, ಮೊಟ್ಟೆ-ಮೀನು-ಮಾಂಸ, ಹಣ್ಣು, ಎಲೆಅಡಿಕೆ-ತಂಬಾಕುಗಳನ್ನು 7 ದಿನಕ್ಕೆ ಕೇಳಿರುತ್ತಾರೆ. ಬಟ್ಟೆ, ಚಪ್ಪಲಿ, ಶಾಲಾ ಖರ್ಚು, ಆಸ್ಪತ್ರೆಗೆ ಸೇರಿದ ಖರ್ಚು, ಬಾಳಿಕೆ ಸಾಮಾನುಗಳನ್ನು 365 ದಿನಕ್ಕೆ. ಮಿಕ್ಕವು 30 ದಿನಕ್ಕೆ. ಎಲ್ಲವನ್ನೂ 30 ದಿನಕ್ಕೆ ತನ್ನಿ: 7 ದಿನದ್ದನ್ನು 30ರಿಂದ ಗುಣಿಸಿ 7ರಿಂದ ಭಾಗಿಸಿ, ವರ್ಷದ್ದನ್ನು 30ರಿಂದ ಗುಣಿಸಿ 365ರಿಂದ ಭಾಗಿಸಿ.

ಎರಡು, ಮನೆಮಂದಿ. ಮೂರು ಭೇಟಿಗಳ ನಡುವೆ ಮಗಳು ಬಾಣಂತನಕ್ಕೆ ಬಂದಿರಬಹುದು, ಮಗ ಬೆಂಗಳೂರಿಗೆ ಹೊರಟಿರಬಹುದು. ಪ್ರತಿ ಪ್ರಶ್ನಾವಳಿಯ ಖರ್ಚನ್ನು ಆಯಾ ಭೇಟಿಯಲ್ಲಿದ್ದ ಮನೆಮಂದಿಯ ಸಂಖ್ಯೆಯಿಂದಲೇ ಭಾಗಿಸಿ ಆಮೇಲೆ ಮೂರನ್ನೂ ಕೂಡಬೇಕು. ಒಟ್ಟು ಕೂಡಿ ಒಂದೇ ಸಂಖ್ಯೆಯಿಂದ ಭಾಗಿಸಿದರೆ, ವಲಸೆ ಹೆಚ್ಚಿರುವ ಜಿಲ್ಲೆಗಳಲ್ಲೇ ತಪ್ಪು ಹೆಚ್ಚುತ್ತದೆ.

ಮೂರು, ಕಡತಗಳ ಜೋಡಣೆ. ವರ್ಷದಲ್ಲಿ ಒಂದೂ ಬಾಳಿಕೆ ಸಾಮಾನು ಕೊಳ್ಳದ ಮನೆಗೆ ಆ ಕಡತದಲ್ಲಿ ಸಾಲೇ ಇರದಿರಬಹುದು. ಎರಡೂ ಕಡತದಲ್ಲಿ ಇರುವವರನ್ನು ಮಾತ್ರ ಉಳಿಸುವಂತೆ ಜೋಡಿಸಿದರೆ ಉದುರಿಹೋಗುವುದು ಕಡುಬಡವರೇ. ಮನೆಗಳ ಪೂರ್ಣ ಪಟ್ಟಿಯನ್ನು ಆಧಾರವಾಗಿಟ್ಟು ಜೋಡಿಸಿ, ಖಾಲಿ ಜಾಗಕ್ಕೆ ಸೊನ್ನೆ ಹಾಕಿ.

ನಾಲ್ಕನೆಯದು ತೂಕ. ಸಮೀಕ್ಷೆ ಕೊಡುವ ಗುಣಕ (ಮಾದರಿಯ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಎಂಬ ಅಂಕಿ) ಮನೆಗೆ ಸಂಬಂಧಿಸಿದ್ದು. ಬಡತನ ಎಣಿಸುವುದು ತಲೆಗಳಲ್ಲಿ, ಹಾಗಾಗಿ ಗುಣಕವನ್ನು ಮನೆಮಂದಿಯ ಸಂಖ್ಯೆಯಿಂದ ಗುಣಿಸಲೇಬೇಕು. ಬಡವರ ಮನೆಯಲ್ಲಿ ತಲೆಗಳು ಹೆಚ್ಚಿರುತ್ತವೆ. ಈ ಗುಣಾಕಾರ ಮರೆತರೆ ಬಡತನ ತಾನಾಗಿಯೇ ಇಳಿದಂತೆ ಕಾಣುತ್ತದೆ.

ಕೆಲಸ ಸರಿಯಾಯಿತೇ ಎಂದು ನೋಡಲು ಅಧಿಕೃತ ಅಂಕಿಗೆ ತಾಳೆ ಹಾಕಿ. ಸರ್ಕಾರಿ ಯೋಜನೆಗಳಲ್ಲಿ ಸಿಗುವ ಉಚಿತ ಸಾಮಾನುಗಳ ಬೆಲೆ ಸೇರಿಸದೆ ದೇಶದ ಗ್ರಾಮೀಣ ತಲಾ ಮಾಸಿಕ ಖರ್ಚು 2022-23ರಲ್ಲಿ 3,773 ರೂಪಾಯಿ, 2023-24ರಲ್ಲಿ 4,122. ಸೇರಿಸಿದರೆ 3,860 ಮತ್ತು 4,247. ಕರ್ನಾಟಕದ ಹಳ್ಳಿಗಳದ್ದು ಸೇರಿಸದೆ 4,397 ಮತ್ತು 4,903. ಹತ್ತಿಪ್ಪತ್ತು ರೂಪಾಯಿ ಆಚೀಚೆ ಬಂದರೂ ಮುಂದೆ ಹೋಗಬೇಡಿ, ಎಲ್ಲೋ ಒಂದು ಬಾಬ್ತು ತಪ್ಪಿರುತ್ತದೆ.

ಪ್ರದೇಶಗಳ ಗಡಿ

ಈ ಸಮೀಕ್ಷೆ ಕರ್ನಾಟಕವನ್ನು ನಾಲ್ಕು ಭಾಗ ಮಾಡುತ್ತದೆ: ಕರಾವಳಿ ಮತ್ತು ಘಟ್ಟ, ಒಳನಾಡು ಪೂರ್ವ (ಶಿವಮೊಗ್ಗ, ಚಿಕ್ಕಮಗಳೂರು, ಹಾಸನ, ಕೊಡಗು; ಪೂರ್ವ ಎಂದು ಕರೆದವರು ಯಾವ ದಿಕ್ಕಿನಿಂದ ನೋಡಿದರೋ), ಒಳನಾಡು ದಕ್ಷಿಣ, ಒಳನಾಡು ಉತ್ತರ. ಕೊನೆಯದರಲ್ಲಿ ಬೆಳಗಾವಿ, ಧಾರವಾಡಗಳೂ ರಾಯಚೂರು, ಯಾದಗಿರಿಗಳೂ ಚಿತ್ರದುರ್ಗ, ದಾವಣಗೆರೆಗಳೂ ಒಂದೇ ಗಂಟಿನಲ್ಲಿವೆ. ಕಲ್ಯಾಣ ಕರ್ನಾಟಕದ ಕಥೆ ಈ ಗಂಟಿನಲ್ಲಿ ಮುಚ್ಚಿಹೋಗುತ್ತದೆ.

ಜಿಲ್ಲಾ ಸಂಕೇತ ಬಳಸಿ ಏಳು ಜಿಲ್ಲೆಗಳನ್ನು (ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ) ಬೇರೆ ಗುಂಪು ಮಾಡಿಕೊಳ್ಳಬಹುದು. ಏಳನ್ನೂ ಒಟ್ಟಿಗೆ ಹಿಡಿದರೆ 2021ರಲ್ಲಿ ಹುಟ್ಟಿದ ವಿಜಯನಗರ ಯಾವ ಸಂಕೇತದಡಿ ಬಂದಿದೆ ಎಂಬ ತಲೆನೋವೂ ಇಲ್ಲ. ಒಂದೊಂದೇ ಜಿಲ್ಲೆಗೆ ಇಳಿಯಬೇಡಿ. ಒಂದು ಹಳ್ಳಿಯಿಂದ 18 ಮನೆ ಆಯ್ದ ಮಾದರಿ ಇದು, ಜಿಲ್ಲೆಗೆ ಸಿಗುವ ಹಳ್ಳಿಗಳು ಬೆರಳೆಣಿಕೆಯವು.

ಬಡತನ ರೇಖೆ

ಬಡತನ ಅಳೆಯಲು ಯೋಜನಾ ಆಯೋಗ ನೇಮಿಸಿದ್ದ ತೆಂಡೂಲ್ಕರ್ ಸಮಿತಿಯ ವಿಧಾನದಲ್ಲಿ ಕರ್ನಾಟಕದ ಹಳ್ಳಿಗೆ 2011-12ರ ರೇಖೆ ತಲೆಗೆ ತಿಂಗಳಿಗೆ 902 ರೂಪಾಯಿ. ಆಗ ರೇಖೆಯ ಕೆಳಗಿದ್ದವರು 24.53%. ಇದನ್ನು ಈಗಿನ ಬೆಲೆಗೆ ತರಲು ಕಾರ್ಮಿಕ ಬ್ಯೂರೋದ ಕರ್ನಾಟಕ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕ ಬಳಸಿ: ಸಮೀಕ್ಷೆಯ 12 ತಿಂಗಳ ಸರಾಸರಿಯನ್ನು 2011-12ರ ಸರಾಸರಿಯಿಂದ ಭಾಗಿಸಿ 902ರಿಂದ ಗುಣಿಸಿ. ಬಂದ ಪ್ರಮಾಣವನ್ನು 24.53ರ ಪಕ್ಕ ಇಟ್ಟು ಇಷ್ಟು ಇಳಿಯಿತು ಎಂದು ಮಾತ್ರ ಬರೆಯಬೇಡಿ. ಪಟ್ಟಿಯ ವಸ್ತುಗಳು 347ರಿಂದ 405ಕ್ಕೆ ಏರಿವೆ, ಒಂದು ಭೇಟಿ ಮೂರಾಗಿದೆ. ಹೆಚ್ಚು ಕೇಳಿದರೆ ಹೆಚ್ಚು ಖರ್ಚು ನೆನಪಾಗುತ್ತದೆ.

ರಾಜ್ಯದೊಳಗೇ ಬೆಲೆ ಬೇರೆ ಬೇರೆ ಇರುವುದು ಇನ್ನೊಂದು ತೊಡಕು. ಸೂಚ್ಯಂಕ ರಾಜ್ಯಕ್ಕೆ ಒಂದೇ. ಸಮೀಕ್ಷೆಯಲ್ಲಿ ಪ್ರಮಾಣ, ಬೆಲೆ ಎರಡೂ ದಾಖಲಾಗಿರುವ ಆಹಾರವಸ್ತುಗಳಿಂದ ಪ್ರದೇಶವಾರು ಕಿಲೋ ಬೆಲೆ ತೆಗೆದು ರೇಖೆಯನ್ನು ಹೊಂದಿಸಬಹುದು. ಸರಾಸರಿ ಬೇಡ, ಮಧ್ಯಾಂಕ ಹಿಡಿಯಿರಿ. ಪಡಿತರದ ಅಕ್ಕಿಯನ್ನು ಹೊರಗಿಡಿ. ಮಂಗಳೂರು ಕಡೆಯ ಕುಚ್ಚಲಕ್ಕಿ, ಮಂಡ್ಯದ ರಾಗಿ, ಕಲಬುರಗಿಯ ಬಿಳಿಜೋಳವನ್ನು ಒಂದಕ್ಕೊಂದು ಹೋಲಿಸಲಾಗದು. ಬೇಳೆ, ಎಣ್ಣೆ, ಸಕ್ಕರೆ, ಈರುಳ್ಳಿಯಂಥ ಎಲ್ಲ ಕಡೆ ಕೊಳ್ಳುವ ವಸ್ತುಗಳಿಂದ ಶುರುಮಾಡಿ.

ಬಿಡಿಸುವ ಲೆಕ್ಕ

ಮೂಲ ಉಪಾಯ ಸರಳ. ಒಂದು ಪ್ರದೇಶದ ಹಂಚಿಕೆಗೆ ಇನ್ನೊಂದು ಪ್ರದೇಶದ ಸರಾಸರಿ ತೊಡಿಸಿ, ಆಗ ಬಡವರೆಷ್ಟು ಎಂದು ಎಣಿಸುವುದು. ಗೌರವ್ ದತ್ ಮತ್ತು ಮಾರ್ಟಿನ್ ರವಾಲಿಯನ್ 1992ರಲ್ಲಿ ಇದನ್ನು ಕಾಲದಿಂದ ಕಾಲಕ್ಕೆ ಆದ ಬದಲಾವಣೆಗೆ ಬಳಸಿದರು. ಅವರ ಲೆಕ್ಕದಲ್ಲಿ ಎರಡಕ್ಕೂ ಸೇರದ ಉಳಿಕೆಯೊಂದು ಬಾಕಿಯಾಗುತ್ತಿತ್ತು. ಆಂಥನಿ ಶೋರಾಕ್ಸ್ ಶಾಪ್ಲಿ ಸರಾಸರಿಯನ್ನು (ಲೆಕ್ಕದ ಎಲ್ಲ ದಾರಿಗಳಲ್ಲಿ ಬರುವ ಫಲಗಳ ಸರಾಸರಿ) ತಂದು ಆ ಉಳಿಕೆಯನ್ನು ನೀಗಿಸಿದರು. ಅವರೂ ಸ್ಟಾನಿಸ್ಲಾವ್ ಕೊಲೆನಿಕೋವ್ ಅವರೂ ಸೇರಿ ರಷ್ಯಾದ ಪ್ರದೇಶಗಳ ಬಡತನವನ್ನು ಸರಾಸರಿ ಆದಾಯ, ಅಸಮಾನತೆ, ಬೆಲೆ ಎಂದು ಮೂರು ಪಾಲು ಮಾಡಿ 2005ರಲ್ಲಿ ಪ್ರಕಟಿಸಿದರು. ನಮಗೆ ಬೇಕಾದ ಅಚ್ಚು ಅದೇ.

ಹತ್ತು ಹತ್ತು ಜನರ ಎರಡು ಪ್ರದೇಶ ಕಲ್ಪಿಸಿಕೊಳ್ಳಿ. ಕೆಳಗಿನವು ಒಬ್ಬೊಬ್ಬರ ತಿಂಗಳ ಖರ್ಚು; ಅಂಕಿಗಳು ಲೆಕ್ಕ ತೋರಿಸಲು ಮಾತ್ರ. ರೇಖೆ 2000 ರೂಪಾಯಿ.

ಅ ಪ್ರದೇಶ: 1600, 2200, 2600, 3000, 3400, 3800, 4400, 5000, 6000, 8000. ಸರಾಸರಿ 4000, ಬಡವರು 10%.

ಬ ಪ್ರದೇಶ: 1100, 1400, 1450, 1900, 2300, 2700, 3200, 3900, 4850, 7200. ಸರಾಸರಿ 3000, ಬಡವರು 40%.

ನಡುವಿನ ವ್ಯತ್ಯಾಸ 30 ಶೇಕಡಾ ಅಂಶ. ಈಗ ಅ ಪ್ರದೇಶದ ಪ್ರತಿ ಅಂಕಿಯನ್ನೂ 3000ರಿಂದ ಗುಣಿಸಿ 4000ದಿಂದ ಭಾಗಿಸಿ. ಹಂಚಿಕೆ ಅ ಪ್ರದೇಶದ್ದೇ, ಸರಾಸರಿ ಮಾತ್ರ ಬ ಪ್ರದೇಶದ್ದು. ಮೊದಲ ಮೂವರು 1200, 1650, 1950ಕ್ಕೆ ಇಳಿದು ಬಡತನ 30% ಆಗುತ್ತದೆ. ಬ ಪ್ರದೇಶವನ್ನು ತಿರುವಿ 4000ದ ಸರಾಸರಿಗೆ ಏರಿಸಿದರೆ ಮೊದಲ ಮೂವರು 1467, 1867, 1933ಕ್ಕೆ ಬರುತ್ತಾರೆ, ನಾಲ್ಕನೆಯವನು ರೇಖೆ ದಾಟುತ್ತಾನೆ: ಇದೂ 30%.

ಗಳಿಕೆಯ, ಅಂದರೆ ಸರಾಸರಿಯ, ಪಾಲನ್ನು ಎರಡು ದಾರಿಯಿಂದ ಅಳೆಯಬಹುದು. ಅ ಹಂಚಿಕೆಯಲ್ಲಿ 30ರಿಂದ 10 ಕಳೆದರೆ 20. ಬ ಹಂಚಿಕೆಯಲ್ಲಿ 40ರಿಂದ 30 ಕಳೆದರೆ 10. ಸರಾಸರಿ 15. ಹಂಚಿಕೆಯ ಪಾಲೂ ಹಾಗೆಯೇ: 4000ದ ಸರಾಸರಿಯಲ್ಲಿ 20, 3000ದಲ್ಲಿ 10, ಸರಾಸರಿ 15. ಕೂಡಿದರೆ 30, ಉಳಿಕೆಯಿಲ್ಲ. ಒಂದೇ ದಾರಿ ಹಿಡಿದು ನಿಂತಿದ್ದರೆ ಒಬ್ಬರು ಮೂರನೇ ಎರಡು ಪಾಲು ಗಳಿಕೆಯದು ಎನ್ನುತ್ತಿದ್ದರು, ಇನ್ನೊಬ್ಬರು ಮೂರನೇ ಎರಡು ಹಂಚಿಕೆಯದು ಎನ್ನುತ್ತಿದ್ದರು. ಇಬ್ಬರ ಕೂಡಿಸು-ಕಳೆಯುವಿಕೆಯಲ್ಲೂ ತಪ್ಪಿರುತ್ತಿರಲಿಲ್ಲ.

ತಲೆಎಣಿಕೆಯ ಜೊತೆಗೆ ಬಡತನದ ಆಳವನ್ನೂ ಬಿಡಿಸಿ. ರೇಖೆಗಿಂತ ಎಷ್ಟು ಕೆಳಗಿದ್ದಾರೆ ಎಂಬ ಕೊರತೆಯನ್ನು ಕೂಡಿ, ರೇಖೆಯಿಂದಲೂ ಒಟ್ಟು ಜನರಿಂದಲೂ ಭಾಗಿಸಿದರೆ ಅದು ಸಿಗುತ್ತದೆ. ಮೇಲಿನ ಉದಾಹರಣೆಯಲ್ಲಿ ಅ 2%, ಬ 10.75%, ಅ ಹಂಚಿಕೆ ಬ ಸರಾಸರಿಗೆ 6%, ಬ ಹಂಚಿಕೆ ಅ ಸರಾಸರಿಗೆ 3.67%. ಗಳಿಕೆಯ ಪಾಲು 5.54, ಹಂಚಿಕೆಯ ಪಾಲು 3.21. ತಲೆಎಣಿಕೆಯಲ್ಲಿ ಅರ್ಧರ್ಧ ಇದ್ದದ್ದು ಆಳದಲ್ಲಿ 63ಕ್ಕೆ 37 ಆಯಿತು. ತಲೆಎಣಿಕೆ ರೇಖೆಯ ಅಕ್ಕಪಕ್ಕ ಎಷ್ಟು ಜನ ಗುಂಪಾಗಿದ್ದಾರೆ ಎಂಬುದಕ್ಕೆ ಸಿಕ್ಕಿಬೀಳುವ ಅಳತೆ. ಎರಡನ್ನೂ ಕೊಡದ ವರದಿಯನ್ನು ನಂಬಬೇಡಿ.

ಈಗ ಬೆಲೆಯನ್ನೂ ಸೇರಿಸಿ. ಬ ಪ್ರದೇಶದಲ್ಲಿ ಬದುಕು ಅಗ್ಗ, ರೇಖೆ 1800 ಎಂದುಕೊಳ್ಳಿ. ಆಗ ಅಲ್ಲಿ ಬಡತನ 30%, ಅ ಜೊತೆಗಿನ ವ್ಯತ್ಯಾಸ 20. ಸರಾಸರಿ, ಹಂಚಿಕೆ, ರೇಖೆ ಪ್ರತಿಯೊಂದೂ ಅ ಅಥವಾ ಬ ಆಗಬಹುದಾದ್ದರಿಂದ ಎಂಟು ಜೋಡಣೆ. 2000ದ ರೇಖೆಯ ನಾಲ್ಕು ಆಗಲೇ ಕೈಯಲ್ಲಿವೆ: 10, 30, 30, 40. ಅದೇ ಕ್ರಮದಲ್ಲಿ (ಪೂರ್ತಿ ಅ; ಅ ಹಂಚಿಕೆ ಬ ಸರಾಸರಿ; ಬ ಹಂಚಿಕೆ ಅ ಸರಾಸರಿ; ಪೂರ್ತಿ ಬ) 1800ರ ರೇಖೆಗೆ 10, 20, 10, 30.

ಒಂದು ಅಂಶದ ಪಾಲು ಬೇಕಾದಾಗ ಅದನ್ನು ಅ ಪ್ರದೇಶದ್ದರಿಂದ ಬ ಪ್ರದೇಶದ್ದಕ್ಕೆ ಬದಲಿಸಿ, ನಾಲ್ಕು ಸನ್ನಿವೇಶಗಳಲ್ಲಿ ವ್ಯತ್ಯಾಸ ನೋಡಿ. ಮಿಕ್ಕ ಎರಡೂ ಅ ಇದ್ದಾಗಿನ ಮತ್ತು ಎರಡೂ ಬ ಇದ್ದಾಗಿನ ವ್ಯತ್ಯಾಸಕ್ಕೆ ಮೂರನೇ ಒಂದರ ತೂಕ, ಒಂದು ಅ ಒಂದು ಬ ಇರುವ ಎರಡಕ್ಕೆ ಆರನೇ ಒಂದರ ತೂಕ. ಗಳಿಕೆಗೆ ವ್ಯತ್ಯಾಸಗಳು 20, 20 ಮತ್ತು 10, 10: ಪಾಲು 16.67. ಹಂಚಿಕೆಗೆ 20, 10 ಮತ್ತು 10, 0: ಪಾಲು 11.67. ರೇಖೆಗೆ 0, −10 ಮತ್ತು −10, −20: ಪಾಲು −8.33. ಕೂಡಿದರೆ 20. ಅಗ್ಗದ ಬದುಕು ಬಡತನವನ್ನು ಎಂಟು ಅಂಶದಷ್ಟು ತಗ್ಗಿಸಿ, ಉಳಿದೆರಡರ ಭಾರವನ್ನು ಮರೆಮಾಡಿತ್ತು. ರಾಜ್ಯಕ್ಕೆಲ್ಲ ಒಂದೇ ರೇಖೆ ಹಾಕಿದವರಿಗೆ ಇದು ಕಾಣುವುದಿಲ್ಲ.

ನಿಜವಾದ ದತ್ತಾಂಶದಲ್ಲಿ ಅ ಜಾಗದಲ್ಲಿ ಇಡೀ ಗ್ರಾಮೀಣ ಕರ್ನಾಟಕ, ಬ ಜಾಗದಲ್ಲಿ ಒಂದೊಂದೇ ಪ್ರದೇಶ ಇಡಿ. ಎಂಟು ಎಣಿಕೆಗಳ ಕೆಲಸ, ನಲವತ್ತು ಸಾಲಿನ ಕೋಡ್ ಸಾಕು. ದೋಷದ ಅಂದಾಜಿಗೆ ಬೂಟ್‌ಸ್ಟ್ರ್ಯಾಪ್ ಮಾಡಿ (ಇದ್ದ ಮಾದರಿಯಿಂದಲೇ ಮತ್ತೆ ಮತ್ತೆ ಚೀಟಿ ಎತ್ತಿ ಲೆಕ್ಕವನ್ನು ಮರುಮಾಡುವುದು), ಆದರೆ ಮರು ಆಯ್ಕೆ ಮನೆಗಳದ್ದಲ್ಲ, ಹಳ್ಳಿಗಳದ್ದು. ಒಂದೇ ಹಳ್ಳಿಯ 18 ಮನೆ ಒಂದೇ ಮಳೆ, ಒಂದೇ ಸಂತೆ ಕಂಡವು. ಅವನ್ನು ಬಿಡಿಬಿಡಿ ಎಂದು ಹಿಡಿದರೆ ದೋಷ ಸುಳ್ಳುಸುಳ್ಳೇ ಚಿಕ್ಕದಾಗುತ್ತದೆ. 500 ಬಾರಿ ಮಾಡಿ, 2.5 ಮತ್ತು 97.5ನೇ ಶತಾಂಶಗಳ ನಡುವಿನ ಹರವನ್ನು ಪಾಲಿನ ಪಕ್ಕದಲ್ಲೇ ಬರೆಯಿರಿ.

ಎಲ್ಲಿ ಕೆಡುತ್ತದೆ

ಅಸಮಾನತೆಯನ್ನು ಸೊನ್ನೆಯಿಂದ ಒಂದರೊಳಗೆ ಅಳೆಯುವ ಗಿನಿ ಸೂಚ್ಯಂಕ ಒಂದನ್ನೇ ನೋಡಿ ತೀರ್ಮಾನಿಸುವುದು ಮಾಮೂಲಿ ತಪ್ಪು. ಬಡತನಕ್ಕೆ ಬೇಕಾದದ್ದು ಹಂಚಿಕೆಯ ಕೆಳಭಾಗದ ಆಕಾರ. ಎರಡು ಪ್ರದೇಶಗಳ ಗಿನಿ ಸಮವಿದ್ದೂ ಒಂದರಲ್ಲಿ ಮೇಲಿನ ಹತ್ತು ಮನೆ ಬೀಗಿರಬಹುದು, ಇನ್ನೊಂದರಲ್ಲಿ ಕೆಳಗಿನ ಹತ್ತು ಮನೆ ಕುಸಿದಿರಬಹುದು. ಕೆಳಗಿನ 20% ಜನರ ಖರ್ಚಿನ ಪಾಲನ್ನು ಪಕ್ಕದಲ್ಲಿಡಿ. ದೇಶದ ಗ್ರಾಮೀಣ ಗಿನಿ 2022-23ರಲ್ಲಿ 0.266 ಇದ್ದದ್ದು ಮರುವರ್ಷವೇ 0.237 ಆಯಿತು. ಒಂದೇ ವರ್ಷಕ್ಕೆ ಇಷ್ಟು ಇಳಿತ ದೊಡ್ಡದು, ಅದರ ಮೇಲೆ ಕಟ್ಟಡ ಕಟ್ಟುವ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು. ದೊಡ್ಡ ಶ್ರೀಮಂತರು ಇಂಥ ಸಮೀಕ್ಷೆಗಳಲ್ಲಿ ಸರಿಯಾಗಿ ಸಿಗುವುದೂ ಇಲ್ಲ.

ಎರಡು ವರ್ಷಗಳ ಮಾದರಿಯನ್ನು ಕೂಡಿಸಿ ದೊಡ್ಡದು ಮಾಡಿಕೊಳ್ಳುವವರು ಕರ್ನಾಟಕದಲ್ಲಿ ಗ್ಯಾರಂಟಿಗಳನ್ನು ನೆನಪಿಡಬೇಕು. ಗೃಹಲಕ್ಷ್ಮಿಯ 2000 ರೂಪಾಯಿ ಶುರುವಾದದ್ದು 2023ರ ಆಗಸ್ಟ್ 30ರಂದು. ಮೊದಲ ಸಮೀಕ್ಷೆ ಅಷ್ಟರಲ್ಲಿ ಮುಗಿದಿತ್ತು, ಎರಡನೆಯದು ಮೊದಲ ತಿಂಗಳು ಬಿಟ್ಟರೆ ಪೂರಾ ಅದರೊಳಗಿದೆ. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಖಾತೆಗೆ ಬಂದದ್ದೂ ಬಹುಪಾಲು ಎರಡನೆಯ ಸಮೀಕ್ಷೆಯ ಅವಧಿಯಲ್ಲೇ. ನಗದು ಖರ್ಚಾಗಿ ಲೆಕ್ಕಕ್ಕೆ ಬರುತ್ತದೆ. ಉಚಿತ ಧಾನ್ಯ ಮಾತ್ರ ಬೆಲೆಕಟ್ಟಿ ಸೇರಿಸಿದರಷ್ಟೇ ಬರುತ್ತದೆ. ಶಕ್ತಿ ಬಸ್ಸು, ಗೃಹಜ್ಯೋತಿಯ ಕರೆಂಟು ಬೆಲೆಕಟ್ಟುವ ಉಚಿತ ವಸ್ತುಗಳ ಪಟ್ಟಿಯಲ್ಲಿ ಇಲ್ಲದ ಸೇವೆಗಳು. ಟಿಕೆಟ್ ಕೊಳ್ಳದೆ ಸಂತೆಗೆ ಹೋಗಿಬಂದ ಹೆಂಗಸಿನ ಮನೆ, ಉಳಿದ ದುಡ್ಡನ್ನು ಕೂಡಿಟ್ಟಿದ್ದರೆ, ಪುಸ್ತಕದಲ್ಲಿ ಮೊದಲಿಗಿಂತ ಬಡವಾಗಿ ಕಾಣುತ್ತದೆ. ಹಾಗಾಗಿ ವರ್ಷಗಳನ್ನು ಬೇರೆ ಬೇರೆ ಬಿಡಿಸಿ, ಫಲ ಒಂದೇ ದಿಕ್ಕು ತೋರಿದರೆ ಮಾತ್ರ ಕೂಡಿಸಿ.

ಪಾಲನ್ನು ಓದುವುದು

ಇದು ಲೆಕ್ಕಪತ್ರ, ಕಾರಣ ಅಲ್ಲ. ಹಂಚಿಕೆಯ ಪಾಲು 40% ಬಂದರೆ ಅಸಮಾನತೆ ಬಡತನವನ್ನು ಹುಟ್ಟಿಸಿತು ಎಂದು ಬರೆಯುವಂತಿಲ್ಲ. ಎಲ್ಲಿ ಹುಡುಕಬೇಕು ಎಂದಷ್ಟೇ ಅದು ತೋರಿಸುತ್ತದೆ.

ಗಳಿಕೆಯ ಪಾಲು ದೊಡ್ಡದಿದ್ದರೆ ಮಳೆಯಾಶ್ರಿತ ಬೇಸಾಯ, ಒಂದೇ ಬೆಳೆ, ಕೃಷಿಯೇತರ ಕೆಲಸದ ಕೊರತೆ, ಮಾರುಕಟ್ಟೆಯ ದೂರ ಇವುಗಳತ್ತ ನೋಡಿ. ಹಂಚಿಕೆಯದು ದೊಡ್ಡದಿದ್ದರೆ ಮೊದಲು ನೋಡಬೇಕಾದದ್ದು ಭೂಮಿ ಮತ್ತು ನೀರು. ಕರಾವಳಿಯಲ್ಲಿ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಭೂ ನ್ಯಾಯಮಂಡಳಿಗಳ ಮೂಲಕ ಗೇಣಿದಾರರ ಕೈಗೆ ಭೂಮಿ ಬಂದಷ್ಟು ಒಳನಾಡಿನಲ್ಲಿ ಬರಲಿಲ್ಲ. ಗೇಣಿಯೇ ಹೆಚ್ಚಿದ್ದ ಕಡೆ ಕಾಯ್ದೆಗೆ ಹಿಡಿತ ಸಿಕ್ಕಿತು, ಕೂಲಿಯೇ ಹೆಚ್ಚಿದ್ದ ಕಡೆ ಹಿಡಿಯಲು ಏನೂ ಇರಲಿಲ್ಲ. ತುಂಗಭದ್ರಾ ಎಡದಂಡೆಯಂಥ ಅಚ್ಚುಕಟ್ಟಿನಲ್ಲಿ ನೀರು ಸರಾಸರಿಯನ್ನು ಮೇಲೆತ್ತುತ್ತದೆ, ಕೊನೆಯಂಚಿಗೆ ತಲುಪದಿದ್ದಾಗ ಅದೇ ನೀರು ಅಂತರವನ್ನೂ ಹಿಗ್ಗಿಸುತ್ತದೆ. ಅಂಥ ಕಡೆ ಎರಡು ಪಾಲೂ ಒಂದೇ ಕಾಲುವೆಯಿಂದ ಬಂದಿರುತ್ತವೆ, ಒಂದು ಕಳೆಯುವ ಗುರುತಿನೊಂದಿಗೆ.

ಮುಂದಿನ ಹೆಜ್ಜೆಗೆ ಬೇರೆ ಸಮೀಕ್ಷೆ ಬೇಡ. ಮೊದಲ ಭೇಟಿಯಲ್ಲಿ ತುಂಬಿದ ಮನೆ ವಿವರದ ಕಡತದಲ್ಲೇ ಜಮೀನು, ಸಾಮಾಜಿಕ ಗುಂಪು, ಮುಖ್ಯ ಕಸುಬು ಇವೆ. ಭೂಹೀನ ಕೂಲಿ ಮನೆಗಳನ್ನು ಬೇರ್ಪಡಿಸಿ, ಪ್ರದೇಶದ ಬಡವರಲ್ಲಿ ಅವರ ಪಾಲೆಷ್ಟು, ಒಟ್ಟು ಜನಸಂಖ್ಯೆಯಲ್ಲಿ ಎಷ್ಟು ಎಂದು ಪಕ್ಕಪಕ್ಕ ಇಡಿ. ಹಂಚಿಕೆಯ ಪಾಲು ದೊಡ್ಡದು ಎಂದು ಲೆಕ್ಕ ಹೇಳಿದ ಪ್ರದೇಶದಲ್ಲಿ ಈ ಎರಡು ಅಂಕಿಗಳು ಹತ್ತಿರ ಹತ್ತಿರ ಬಂದರೆ, ಅಂತರ ಇರುವುದು ಬಹುಶಃ ಭೂಮಿಯುಳ್ಳವರ ನಡುವೆಯೇ. ಆಗ ಹಿಡುವಳಿಯ ಗಾತ್ರದ ಪ್ರಕಾರ ಮತ್ತೊಮ್ಮೆ ವಿಂಗಡಿಸಿ.